ಕೈಗಂಟು ಬೇನೆಯವರು ಎದೆಯನ್ನೂ ತೋರಿಸ್ಬೇಕು

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ (ಚಿಕ್ಕದಾಗಿ ಆರ್‌ಎ) ಬಗ್ಗೆ, ಅಂದ್ರೆ ನಮ್ಮ ಕಡೆ ಆಮವಾತ, ಸಂಧಿವಾತ, ಇಲ್ಲಾ ಬರೀ ‘ವಾತ’ ಅಂತ ಹೇಳ್ತಾರಲ್ಲ ಆ ಕಾಯಿಲೆ ಬಗ್ಗೆ ಬರೆದಿದ್ದೆ, ಕೊನೆಗೆ ಒಂದು ಸಾಲು ಸೇರಿಸಿದ್ದೆ, ಈ ಕಾಯಿಲೆ ಇರುವವರು ಆಗಾಗ ಹೃದಯವನ್ನೂ ನೋಡಿಸ್ಕೊಳ್ಳಿ ಅಂತ. ಆ ಒಂದು ಸಾಲಿಗೆ ಬಂದಷ್ಟು ಪ್ರಶ್ನೆ ಇಡೀ ಲೇಖನಕ್ಕೆ ಬರ್ಲಿಲ್ಲ. ಹೆಚ್ಚಿನವು ಕಾಸರಗೋಡು, ಮಂಜೇಶ್ವರ ತಾಲೂಕಿನವು. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನನಗೆ 52 ವರ್ಷ. ಮದುವೆಗೆ ಮುಂಚಿನಿಂದ್ಲೂ ಬೀಡಿ ಕಟ್ತಾ ಇದ್ದೆ, ಒಂಬತ್ತು ವರ್ಷದ ಹಿಂದೆ ಬೆರಳಿನ ಗಂಟೆಲ್ಲ ಬಾತು ಎಲೆ ಮಡಚ್ಲಿಕ್ಕೇ ಆಗದೆ ಬಿಟ್ಟೆ. ಆರ್‌ಎ ಅಂತ ಹೇಳಿ ಮಾತ್ರೆ ತಗೊಳ್ತಾ ಇದ್ದೇನೆ. ಮೊನ್ನೆ ಮಂಗಳೂರಿಗೆ ತೋರಿಸ್ಲಿಕ್ಕೆ ಹೋದಾಗ ಡಾಕ್ಟ್ರು ಇಸಿಜಿ, ಕೊಲೆಸ್ಟ್ರಾಲ್, ಶುಗರ್ ಎಲ್ಲ ಬರೆದು ಕೊಟ್ರು. ಕೈ ನೋವಿಗೆ ಎದೆ ಟೆಸ್ಟ್ ಯಾಕೆ, ಇದೆಲ್ಲ ದುಡ್ಡು ಮಾಡುವ ಕೆಲ್ಸ ಅಂತ ಮಗ ಹೇಳ್ತಾನೆ. ನನಗೆ ಎದೆಯಲ್ಲಿ ಯಾವ ತೊಂದ್ರೆಯೂ ಇಲ್ಲ. ಮಾಡಿಸ್ಬೇಕಾ? (ಪೆರ್ಲ)

ಉತ್ತರ: ಮಾಡಿಸಿ ಅಮ್ಮ, ಖಂಡಿತ ಮಾಡಿಸಿ. ಮಗನಿಗೆ ಸಂಶಯ ಬಂದದ್ದು ತಪ್ಪಲ್ಲ, ಕೈ ಬೇರೆ ಎದೆ ಬೇರೆ ಅಂತ ಯಾರಿಗಾದ್ರೂ ಅನಿಸ್ತದೆ. ಆದ್ರೆ ಈ ಟೆಸ್ಟ್ ಬರೆದ ಡಾಕ್ಟ್ರು ನಿಮ್ಮನ್ನು ಬರೀ ಕೈಗಂಟು ಅಂತ ನೋಡ್ಲಿಲ್ಲ, ಇಡೀ ಮನುಷ್ಯರನ್ನಾಗಿ ನೋಡಿದ್ದಾರೆ ಅಂತ ನಾನು ಹೇಳ್ತೇನೆ.

ವಯಸ್ಸಾದಾಗ ಮೊಣಕಾಲು ಸವೆದು ಬರುವ ಬೇನೆ ಬೇರೆ, ನಿಮ್ಮದು ಬೇರೆ. ನಿಮ್ಮಲ್ಲಿ ಶರೀರದ ಕಾವಲು ಪಡೆಯೇ ದಿಕ್ಕು ತಪ್ಪಿ ಗಂಟಿನ ಒಳಪದರಕ್ಕೆ ಬಿದ್ದಿದೆ. ಅಲ್ಲಿ ಹುಟ್ಟುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್ 6 ಅನ್ನುವಂಥ ರಾಸಾಯನಿಕಗಳು ಗಂಟಿನಲ್ಲೇ ಕೂತ್ಕೊಳ್ಳುವುದಿಲ್ಲ, ರಕ್ತಕ್ಕೆ ಸೇರ್ತವೆ, ರಕ್ತ ಎಲ್ಲೆಲ್ಲಿ ಹೋಗ್ತದೋ ಅಲ್ಲೆಲ್ಲ ಹೋಗ್ತವೆ. ನಿಮ್ಮ ರಿಪೋರ್ಟಿನಲ್ಲಿ ಸಿಆರ್‌ಪಿ ಅಂತ ಒಂದು ನಂಬರ್ ಬರ್ತದಲ್ಲ, ಅದು ಗಂಟಿನಲ್ಲಿ ತಯಾರಾಗುವ ವಸ್ತು ಅಲ್ಲ, ಈ ರಾಸಾಯನಿಕಗಳ ಮಾತು ಕೇಳಿ ಲಿವರ್ ತಯಾರಿಸುವಂಥದ್ದು. ಬೆರಳಿನ ಗಂಟಿನ ಬೆಂಕಿ ಲಿವರಿಗೆ ಮುಟ್ಟಿದ ಮೇಲೆ ಹೃದಯದ ರಕ್ತನಾಳಕ್ಕೆ ಮುಟ್ಟದೆ ಇರ್ತದಾ?

ರಕ್ತನಾಳ ಅಂದ್ರೆ ತೋಟದ ಪೈಪು, ಅದರೊಳಗೆ ಕೆಸರು ಕೂತ ಹಾಗೆ ಕೊಬ್ಬು ಕೂತು ಬ್ಲಾಕ್ ಆಗ್ತದೆ ಅಂತ ಹೆಚ್ಚಿನವರು ತಿಳ್ಕೊಂಡಿದ್ದಾರೆ. ನನಗೆ ಆ ಹೋಲಿಕೆ ಸರಿ ಕಾಣುವುದಿಲ್ಲ, ನಿಮ್ಮ ಎಣ್ಮಕಜೆ ಕಡೆ ನೀರಿಗೆ ಅಂತ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ ನೆನಪು ಮಾಡ್ಕೊಳ್ಳಿ. ಸುರಂಗದ ನೀರು ನಿಲ್ಲುವುದು ದಿನಕ್ಕೊಂದು ಚಿಟಿಕೆ ಮಣ್ಣು ಕೂತು ಅಲ್ಲ, ಗೋಡೆ ಒಳಗಿಂದ ನೆನೆದು ಮೆತ್ತಗಾಗಿ ಒಂದು ದಿನ ದೊಡ್ಡ ಹೆಂಟೆ ಧಸಕ್ಕಂತ ಕುಸಿದಾಗ. ಹಾರ್ಟ್ ಅಟ್ಯಾಕ್ ಹೆಚ್ಚಾಗಿ ಹೀಗೇ ಆಗುವುದು. ರಕ್ತನಾಳದ ಗೋಡೆಯೊಳಗೆ ಕೊಬ್ಬು ಸೇರಿ ಗಡ್ಡೆ ಕಟ್ಟಿರ್ತದೆ, ಅದರ ಮೇಲೊಂದು ತೆಳು ಮುಚ್ಚಳ ಇರ್ತದೆ, ಆ ಮುಚ್ಚಳ ಒಡೆದ್ರೆ ರಕ್ತ ಅಲ್ಲೇ ಹೆಪ್ಪುಗಟ್ಟಿ ದಾರಿ ಮುಚ್ತದೆ. ಆರ್‌ಎಯ ಉರಿಯೂತ, ಅಂದ್ರೆ ಆ ಒಳಗಿನ ಬೆಂಕಿ, ಈ ಗೋಡೆಯನ್ನು ವರ್ಷಗಟ್ಟಲೆ ನೆನೆಸ್ತಾ ಇರ್ತದೆ. ಆರ್‌ಎ ಇದ್ದು ಹೃದಯದ ಕಾಯಿಲೆಯಿಂದ ತೀರಿಕೊಂಡವರ ರಕ್ತನಾಳ ಪರೀಕ್ಷೆ ಮಾಡಿದಾಗಲೂ ಇದೇ ಕಂಡದ್ದು, ದೊಡ್ಡ ದೊಡ್ಡ ಬ್ಲಾಕು ಕಮ್ಮಿ, ಸುಲಭದಲ್ಲಿ ಒಡೆಯುವ ಮೆತ್ತಗಿನ ಗಡ್ಡೆ ಜಾಸ್ತಿ.

ಲೆಕ್ಕ ಹೇಳ್ಬೇಕಂದ್ರೆ, ಅದೇ ವಯಸ್ಸಿನ ಬೇರೆಯವರಿಗೆ ಹೋಲಿಸಿದ್ರೆ ಆರ್‌ಎ ಇರುವವರಿಗೆ ಹೃದಯ, ರಕ್ತನಾಳದ ಕಾಯಿಲೆ ಬರುವ ಸಾಧ್ಯತೆ ಸುಮಾರು ಒಂದೂವರೆ ಪಟ್ಟು. ಡೆನ್ಮಾರ್ಕಿನಲ್ಲಿ ಇಡೀ ದೇಶದ ಜನರ ದಾಖಲೆ ತೆಗೆದು ನೋಡಿದ ಅಧ್ಯಯನ 2011ರಲ್ಲಿ ಬಂತು, ಅದ್ರಲ್ಲಿ ಆರ್‌ಎ ಇರುವವರಿಗೆ ಹಾರ್ಟ್ ಅಟ್ಯಾಕ್ ಅಪಾಯ ಹೆಚ್ಚುಕಮ್ಮಿ ಸಕ್ಕರೆ ಕಾಯಿಲೆಯವರಷ್ಟೇ ಇತ್ತು. ಇದನ್ನು ಮಗನಿಗೆ ಹೇಳಿ. ಶುಗರ್ ಇದ್ದವರಿಗೆ ಇಸಿಜಿ ಮಾಡಿಸಿದ್ರೆ ಯಾರೂ ಯಾಕೆ ಅಂತ ಕೇಳುವುದಿಲ್ಲ ಅಲ್ವಾ? ಅಮೇರಿಕದಲ್ಲಿ ನರ್ಸುಗಳನ್ನು ವರ್ಷಗಟ್ಟಲೆ ಗಮನಿಸಿದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ಆರ್‌ಎ ಬಂದು ಹತ್ತು ವರ್ಷ ದಾಟಿದ ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಅಪಾಯ ಮೂರು ಪಟ್ಟಿನ ಹತ್ತಿರ ಕಂಡಿತ್ತು. ನಿಮ್ಮದು ಒಂಬತ್ತನೇ ವರ್ಷ. ಹೆದರಿಸ್ಲಿಕ್ಕೆ ಹೇಳುವುದಲ್ಲ, ಒಂದೂವರೆ ಪಟ್ಟು ಅಂದ್ರೆ ಬಂದೇ ಬರ್ತದೆ ಅಂತ ಅಲ್ಲ, ಮೊದಲೇ ನೋಡಿದ್ರೆ ತಡೀಲಿಕ್ಕೆ ಆಗುವಂಥದ್ದು ಇದ್ರಲ್ಲಿ ತುಂಬಾ ಉಂಟು.

ಒಂದು ವಿಷಯ ಹೇಳ್ಬೇಕು. ತುಂಬಾ ವರ್ಷದ ಹಿಂದೆ ನನ್ನ ಹತ್ರ ಒಬ್ರು ಬರ್ತಾ ಇದ್ರು, ನಿಮ್ಮ ಹಾಗೆಯೇ ಬೀಡಿ ಕಟ್ಟಿದ ಕೈ, ಬಳೆ ಏರಿಸ್ಲಿಕ್ಕಾಗದೆ ಒಂದು ಕೆಂಪು ದಾರ ಕಟ್ಕೊಂಡಿದ್ರು. ಬಂದ ಕೂಡ್ಲೆ ಎರಡೂ ಕೈ ಮೇಜಿನ ಮೇಲೆ ಇಡುವುದು, ನಾನು ಗಂಟು ಒತ್ತಿ ನೋಡುವುದು, ಮಾತ್ರೆ ಬರೆಯುವುದು. ಮೊಣಕೈ ಮಡಚಿಕೊಂಡೇ ಇರ್ತಿತ್ತು, ಬಿಪಿ ಪಟ್ಟಿ ಕಟ್ಟಿದ್ರೆ ಅಯ್ಯೋ ಅಂತಿದ್ರು, ಹಾಗಾಗಿ ಕಟ್ತಾ ಇರ್ಲಿಲ್ಲ. ಒಂದು ದಿನ ತಲೆ ಭಾರ ಅಂತ ಹೇಳಿದಾಗ ಕಟ್ಟಿ ನೋಡಿದ್ರೆ 170/100. ಫೈಲು ತಿರುಗಿಸಿದೆ, ಆರು ವರ್ಷದ ಇಎಸ್‌ಆರ್ (ಉರಿಯೂತ ಎಷ್ಟುಂಟು ಅಂತ ನೋಡುವ ರಕ್ತ ಪರೀಕ್ಷೆ) ಸಾಲಾಗಿ ಉಂಟು, ಬಿಪಿ ಬರೆದದ್ದು ಒಂದೇ ಒಂದು ಸಲ. ಅವತ್ತಿಂದ ಗಂಟು ಮುಟ್ಟುವ ಮುಂಚೆ ಬಿಪಿ ನೋಡುವುದು ಅಂತ ಇಟ್ಕೊಂಡಿದ್ದೇನೆ.

ನಿಮಗೆ ಮಾಡ್ಬೇಕಾದ್ದು ಇಷ್ಟೇ, ಬಿಪಿ, ಶುಗರ್, ಕೊಲೆಸ್ಟ್ರಾಲ್, ತೂಕ, ತಂಬಾಕು ಉಂಟಾ ಇಲ್ವಾ, ಮನೆಯಲ್ಲಿ ಯಾರಿಗಾದ್ರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದ್ರೆ ಬಂದಿತ್ತಾ, ಇದನ್ನೆಲ್ಲ ಸೇರಿಸಿ ಮುಂದಿನ ಹತ್ತು ವರ್ಷದ ಅಪಾಯ ಎಷ್ಟು ಅಂತ ಡಾಕ್ಟ್ರು ಒಂದು ಲೆಕ್ಕ ಹಾಕ್ತಾರೆ, ಆ ಲೆಕ್ಕದೊಳಗೆ ಆರ್‌ಎ ಸೇರಿರದಿದ್ರೆ ಬಂದ ಉತ್ತರವನ್ನು ಒಂದೂವರೆಯಿಂದ ಗುಣಿಸ್ಬೇಕು ಅಂತ ಯುರೋಪಿನ ಸಂಧಿರೋಗ ತಜ್ಞರ ಸಂಘದ ಸಲಹೆ ಉಂಟು. ಐದು ವರ್ಷಕ್ಕೊಮ್ಮೆಯಾದ್ರೂ ಈ ಲೆಕ್ಕ ಹಾಕಿ, ಮಾತ್ರೆ ದೊಡ್ಡದಾಗಿ ಬದಲಾದಾಗ ಮತ್ತೊಮ್ಮೆ ಹಾಕಿ ಅಂತಾರೆ ಅವ್ರು. ನಾನು ಬಿಪಿಯನ್ನು ಪ್ರತಿ ಸಲವೂ ನೋಡಿಸಿ ಅಂತ ಹೇಳ್ತೇನೆ. ಬಿಪಿಗೆ, ಶುಗರಿಗೆ ಮಂಗಳೂರಿಗೆ ಹೋಗ್ಬೇಕಂತ ಇಲ್ಲ, ನಿಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ನೋಡ್ತಾರೆ. ಇಸಿಜಿ ಈಗ ನಾರ್ಮಲ್ ಬಂದ್ರೂ ಅದರ ಒಂದು ಕಾಪಿ ಫೈಲಿನಲ್ಲಿರ್ಲಿ, ಮುಂದೆ ಎಂದಾದ್ರೂ ಎದೆ ನೋವು ಬಂದ್ರೆ ಹೋಲಿಸಿ ನೋಡ್ಲಿಕ್ಕೆ ಅದಕ್ಕಿಂತ ಒಳ್ಳೆ ಸಹಾಯ ಇಲ್ಲ. ಮತ್ತೆ ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸುವ ಅಭ್ಯಾಸ ಇದ್ರೆ, ಬೀಡಿ ಕಟ್ಟುವವರಲ್ಲಿ ತುಂಬಾ ಜನರಿಗೆ ಇರ್ತದೆ, ಅದನ್ನು ಬಿಡಿ.

ಪ್ರಶ್ನೆ: ನಾನು ಅಡಿಕೆ ಕೃಷಿಕ, 58 ವರ್ಷ. ಆರ್‌ಎ ಜೋರಾಗಿದ್ದಾಗ ಟೆಸ್ಟ್ ಮಾಡಿಸಿದ್ರೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 92 ಇತ್ತು, ಖುಷಿಯಾಗಿತ್ತು. ಈಗ ಮೆಥೊಟ್ರೆಕ್ಸೇಟ್ ಶುರು ಮಾಡಿ ಎಂಟು ತಿಂಗಳಾಯ್ತು, ನೋವು ಮುಕ್ಕಾಲು ಪಾಲು ಹೋಗಿದೆ, ಆದ್ರೆ ಎಲ್‌ಡಿಎಲ್ 128ಕ್ಕೆ ಏರಿದೆ. ಮಾತ್ರೆ ಗಂಟನ್ನು ಸರಿ ಮಾಡಿ ಹೃದಯವನ್ನು ಹಾಳು ಮಾಡ್ತಾ ಇದೆಯಾ? ನಿಲ್ಲಿಸ್ಲಾ? (ಮುಳ್ಳೇರಿಯ)

ಉತ್ತರ: ದಯವಿಟ್ಟು ನಿಲ್ಲಿಸ್ಬೇಡಿ. ಈ ಪ್ರಶ್ನೆ ಕೇಳಿದ್ದು ತುಂಬಾ ಒಳ್ಳೇದಾಯ್ತು, ಯಾಕಂದ್ರೆ ಇಲ್ಲಿ ಓದಿದವರೂ ಎಡವ್ತಾರೆ.

ಬಾವಿಯಲ್ಲಿ ಎಷ್ಟು ನೀರುಂಟು ಅಂತ ನೋಡ್ಲಿಕ್ಕೆ ನೀವು ಪಂಪು ಓಡ್ತಾ ಇರುವಾಗ ಹಗ್ಗ ಬಿಡ್ತೀರಾ? ಬಿಟ್ರೆ ಕಮ್ಮಿಯೇ ಕಾಣುವುದು, ಪಂಪು ನಿಲ್ಲಿಸಿ ಸ್ವಲ್ಪ ಹೊತ್ತು ಕಳೆದ ಮೇಲೆ ಅದರ ನಿಜ ಮಟ್ಟ ಗೊತ್ತಾಗ್ತದೆ. ಆರ್‌ಎ ಉರಿಯೂತ ಜೋರಾಗಿ ಇರುವಾಗ ಶರೀರ ಕೊಲೆಸ್ಟ್ರಾಲನ್ನು ರಕ್ತದಿಂದ ಬೇಗ ಬೇಗ ಖಾಲಿ ಮಾಡ್ತಾ ಇರ್ತದೆ, ಹಾಗಾಗಿ ರಿಪೋರ್ಟಿನಲ್ಲಿ ಎಲ್‌ಡಿಎಲ್ ಕಮ್ಮಿ ಕಾಣ್ತದೆ. ಆದ್ರೆ ಆಗಲೇ ಹೃದಯಕ್ಕೆ ಅಪಾಯ ಹೆಚ್ಚು, ಇದು ಕೇಳ್ಲಿಕ್ಕೆ ವಿಚಿತ್ರ ಅನಿಸ್ತದೆ, ಆದ್ರೆ ಆರ್‌ಎ ಇರುವವರಲ್ಲಿ ಎಲ್‌ಡಿಎಲ್ ತೀರಾ ಕಮ್ಮಿ ಇದ್ದವರಿಗೂ ಹೃದಯದ ತೊಂದ್ರೆ ಹೆಚ್ಚು ಬಂದದ್ದು ಅಧ್ಯಯನಗಳಲ್ಲಿ ಕಂಡಿದೆ. ಒಳ್ಳೇ ಕೊಲೆಸ್ಟ್ರಾಲ್ ಅಂತ ಹೇಳುವ ಎಚ್‌ಡಿಎಲ್ ಕೂಡ ಉರಿಯೂತದ ಸಮಯದಲ್ಲಿ ತನ್ನ ಕೆಲ್ಸ ಸರಿ ಮಾಡುವುದಿಲ್ಲ. ಹಾಗಾಗಿ ನಿಮ್ಮ ಮೊದಲಿನ 92 ಅನ್ನು ನಾನು ನಂಬುವುದಿಲ್ಲ, ಈಗಿನ 128 ನಿಮ್ಮ ನಿಜ ಮಟ್ಟ, ಗಂಟು ಶಾಂತ ಆದ ಮೇಲೆ ಸಿಕ್ಕಿದ್ದು. ಕೊಲೆಸ್ಟ್ರಾಲ್ ಟೆಸ್ಟನ್ನು ಕಾಯಿಲೆ ಹತೋಟಿಗೆ ಬಂದ ಮೇಲೆ ಮಾಡಿ ಅಂತ ಸಲಹೆ ಇರುವುದು ಇದಕ್ಕೇ.

ಮೆಥೊಟ್ರೆಕ್ಸೇಟ್ ಹೃದಯವನ್ನು ಹಾಳು ಮಾಡುವುದು ದೂರದ ಮಾತು, ಆರ್‌ಎ ಇದ್ದು ಅದನ್ನು ತಗೊಳ್ಳುವವರಲ್ಲಿ ಹೃದಯದ ತೊಂದ್ರೆ ಕಮ್ಮಿ ಕಂಡಿದೆ. ಇಲ್ಲಿ ಒಂದು ವಿಷಯ ನೇರವಾಗಿ ಹೇಳ್ಬೇಕು, ಆರ್‌ಎ ಇಲ್ಲದ ಹೃದಯ ರೋಗಿಗಳಿಗೆ ಇದೇ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟು ನೋಡಿದ ದೊಡ್ಡ ಅಧ್ಯಯನದಲ್ಲಿ ಪ್ರಯೋಜನ ಕಾಣ್ಲಿಲ್ಲ, ಅಂದ್ರೆ ಇದು ಹೃದಯದ ಮಾತ್ರೆ ಅಲ್ಲ, ಆರ್‌ಎ ಬೆಂಕಿ ಆರಿಸಿದ್ದರಿಂದ ಹೃದಯಕ್ಕೂ ಸಿಗುವ ಲಾಭ ಅಂತ ನನಗೆ ಕಾಣ್ತದೆ. ಉರಿಯೂತವನ್ನೇ ಕಮ್ಮಿ ಮಾಡಿದ್ರೆ ಹಾರ್ಟ್ ಅಟ್ಯಾಕ್ ಕಮ್ಮಿ ಆಗ್ತದಾ ಅನ್ನುವ ಪ್ರಶ್ನೆಗೆ 2017ರಲ್ಲಿ ಕ್ಯಾನಕಿನುಮ್ಯಾಬ್ ಅನ್ನುವ ಇಂಜೆಕ್ಷನ್ನಿನ ಅಧ್ಯಯನ ಹೌದು ಅಂತ ಉತ್ತರ ಕೊಟ್ಟಿದೆ. ಮೊದಲೇ ಹಾರ್ಟ್ ಅಟ್ಯಾಕ್ ಆದ ಹತ್ತು ಸಾವಿರ ಜನರಲ್ಲಿ, ಕೊಲೆಸ್ಟ್ರಾಲ್ ಇಳಿಸದೆಯೇ, ಮುಂದಿನ ತೊಂದ್ರೆಗಳು ಸುಮಾರು 15 ಶೇಕಡ ಇಳಿದವು.

ಈಗ 128ಕ್ಕೆ ಎಂತ ಮಾಡುವುದು? ನಿಮ್ಮ ಬಿಪಿ, ಶುಗರ್, ಬೀಡಿ ಸಿಗರೇಟು ಎಲ್ಲ ನೋಡಿ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಬೇಕಾ ಅಂತ ಡಾಕ್ಟ್ರು ನಿರ್ಧಾರ ಮಾಡ್ಬೇಕು, 58 ವರ್ಷಕ್ಕೆ ಆರ್‌ಎ ಕೂಡ ಇದ್ರೆ ಹೆಚ್ಚಾಗಿ ಬೇಕು ಅಂತ್ಲೇ ಬರುವುದು. ಗಂಟುಬೇನೆಯವರಿಗೆ ಸ್ಟಾಟಿನ್ ಆಗುವುದಿಲ್ಲ ಅಂತ ಒಂದು ಮಾತು ಓಡ್ತಾ ಉಂಟು, ಅದು ಸರಿಯಲ್ಲ. ಬ್ರಿಟನ್ನಿನಲ್ಲಿ ಸುಮಾರು 3,000 ಆರ್‌ಎ ರೋಗಿಗಳಿಗೆ ಅಟೊರ್ವಾಸ್ಟಾಟಿನ್ 40 ಮಿ.ಗ್ರಾಂ ಇಲ್ಲಾ ಔಷಧಿ ಇಲ್ಲದ ಖಾಲಿ ಮಾತ್ರೆ ಕೊಟ್ಟು ನೋಡಿದಾಗ ಎಲ್‌ಡಿಎಲ್ ಚೆನ್ನಾಗಿ ಇಳಿಯಿತು, ಸೈಡ್ ಎಫೆಕ್ಟ್ ಖಾಲಿ ಮಾತ್ರೆಯವರಿಗಿಂತ ಹೆಚ್ಚೇನೂ ಬರ್ಲಿಲ್ಲ.

ಮೆಥೊಟ್ರೆಕ್ಸೇಟ್ ಹೆಸರು ಬಂದದ್ದಕ್ಕೆ ಇನ್ನೊಂದು ಮಾತು, ಇದನ್ನು ಎಲ್ಲರೂ ಓದಿ. ಆರ್‌ಎಗೆ ಆ ಮಾತ್ರೆ ವಾರಕ್ಕೆ ಒಂದೇ ದಿನ. ದಿನಾ ತಗೊಂಡ್ರೆ ಬಾಯಿ ಹುಣ್ಣಾಗಿ, ರಕ್ತದ ಕಣ ಇಳಿದು ಪ್ರಾಣಕ್ಕೇ ಬರ್ತದೆ. ನಮ್ಮಲ್ಲಿ ಹಿರಿಯರಿಗೆ ಕನ್ನಡ ಮಾತ್ರ ಓದ್ಲಿಕ್ಕೆ ಬರುವುದು, ಚೀಟಿ ಇಂಗ್ಲಿಷಿನಲ್ಲಿ, ಮೆಡಿಕಲಿನವರು ಕವರಿನ ಮೇಲೆ ಮಲಯಾಳದಲ್ಲಿ ಬರೆದು ಕೊಡ್ತಾರೆ. ಮನೆಯ ಮಕ್ಕಳು ಕೂತು ಪಟ್ಟಿ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ‘ಭಾನುವಾರ ಮಾತ್ರ’ ಅಂತ ಬರೆದಿಡಿ.

ಪ್ರಶ್ನೆ: ಅಮ್ಮನಿಗೆ 64. ಹತ್ತು ವರ್ಷದಿಂದ ಆರ್‌ಎ. ದೊಡ್ಡ ಡಾಕ್ಟ್ರ ಹತ್ರ ಹೋಗ್ಲಿಕ್ಕೆ ಕೇಳುವುದಿಲ್ಲ, ಮೆಡಿಕಲಿನಿಂದ ಡೈಕ್ಲೊಫೆನಾಕ್ ತಂದು ದಿನಾ ಎರಡು ನುಂಗ್ತಾರೆ, ಅದ್ರ ಜೊತೆ ಸಣ್ಣ ಬಿಳಿ ಮಾತ್ರೆ ಒಂದು, ಪ್ರೆಡ್ನಿಸೊಲೋನ್ 10. ಇದ್ರಿಂದ ಆರಾಮ ಉಂಟು, ಬೇರೆ ಮಾತ್ರೆ ಬೇಡ ಅಂತಾರೆ. ಬಿಪಿ ಈಗ ಬಂದಿದೆ. (ಉಪ್ಪಳ)

ಉತ್ತರ: ಈ ಪತ್ರ ಓದಿ ನನಗೆ ನಿಜವಾಗಿ ಸಂಕಟ ಆಯ್ತು, ಯಾಕಂದ್ರೆ ಇದು ನಿಮ್ಮ ಒಂದು ಮನೆಯ ಕಥೆ ಅಲ್ಲ. ನೋವಿದ್ದವರಿಗೆ ಮಾತ್ರೆ ಬೇಡ ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ, ಬೆಳಿಗ್ಗೆ ಎದ್ದು ಒಂದು ಗಂಟೆ ಬೆರಳು ಬಿಡಿಸ್ಲಿಕ್ಕಾಗದೆ ಕೂತವರಿಗೆ ಗೊತ್ತು ಅದು ಎಂತದು ಅಂತ. ಆದ್ರೆ ಅಮ್ಮ ತಗೊಳ್ತಾ ಇರುವ ಎರಡೂ ಮಾತ್ರೆ ಆರಾಮ ಕೊಡುವಂಥವು, ಕಾಯಿಲೆಯ ಬೇರಿಗೆ ಹೋಗುವಂಥವಲ್ಲ. ಡೈಕ್ಲೊಫೆನಾಕ್ ಗಂಟು ಹಾಳಾಗುವುದನ್ನು ತಡೆಯುವುದೇ ಇಲ್ಲ. ಮೇಲೆ ಬೂದಿ, ಒಳಗೆ ಕೆಂಡ ಹಾಗೇ ಉಂಟು.

ನೋವಿನ ಮಾತ್ರೆ ಮತ್ತು ಹೃದಯದ ಕಥೆ ಹಳೇದು. ರೊಫೆಕೊಕ್ಸಿಬ್ ಅನ್ನುವ ಮಾತ್ರೆ, ಗಂಟುಬೇನೆಗೆ ಲೋಕ ಇಡೀ ಹೆಸರು ಮಾಡಿದ್ದು, ಹಾರ್ಟ್ ಅಟ್ಯಾಕ್ ಹೆಚ್ಚಾಗ್ತದೆ ಅಂತ ಗೊತ್ತಾಗಿ 2004ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಯಿಂದ ಹಿಂದೆ ತೆಗೆದ್ರು. ಡೈಕ್ಲೊಫೆನಾಕ್, ಎಟೊರಿಕೊಕ್ಸಿಬ್ ಇವೂ ಅದೇ ದಾರಿಯವು, ದಿನಾ ತಗೊಂಡ್ರೆ, ಅದೂ ಹೆಚ್ಚು ಡೋಸಿನಲ್ಲಿ, ಹೃದಯಕ್ಕೆ ಅಪಾಯ ಹೆಚ್ಚು ಮಾಡ್ತವೆ, ಉಪ್ಪು ನೀರು ಹಿಡಿದಿಟ್ಟು ಬಿಪಿ ಏರಿಸ್ತವೆ, ಕಿಡ್ನಿಗೆ ಪೆಟ್ಟು ಕೊಡ್ತವೆ. ಮೊದಲೇ ಹಾರ್ಟ್ ಅಟ್ಯಾಕ್ ಆದವರು ಈ ಎರಡನ್ನು ತಗೊಳ್ಳುವ ಹಾಗೇ ಇಲ್ಲ. ಹೃದಯಕ್ಕೆ ಅಂತ ದಿನಾ ಸಣ್ಣ ಆಸ್ಪಿರಿನ್ ತಗೊಳ್ಳುವವರು ಜೊತೆಗೆ ಐಬುಪ್ರೊಫೆನ್ ನುಂಗಿದ್ರೆ ಆಸ್ಪಿರಿನ್ನಿನ ಕೆಲ್ಸಕ್ಕೇ ಅಡ್ಡ ಬರ್ತದೆ, ಇದು ಮೆಡಿಕಲಿನಲ್ಲಿ ಯಾರೂ ಹೇಳುವುದಿಲ್ಲ. ಅಮ್ಮನ ಬಿಪಿಗೆ ಹೊಸ ಮಾತ್ರೆ ಶುರು ಮಾಡುವ ಮುಂಚೆ ಡಾಕ್ಟ್ರಿಗೆ ದಿನಾ ನುಂಗುವ ಈ ಎರಡು ಡೈಕ್ಲೊಫೆನಾಕಿನ ವಿಷಯ ಹೇಳಿ, ಅದನ್ನು ತೆಗೆದ್ರೇ ಬಿಪಿ ಸ್ವಲ್ಪ ಇಳಿಯಬಹುದು.

ಸಣ್ಣ ಬಿಳಿ ಮಾತ್ರೆ ಇನ್ನೂ ಜಾಗ್ರತೆಯದ್ದು, ಅದು ಸ್ಟೀರಾಯ್ಡ್. ಸ್ಟೀರಾಯ್ಡ್ ಕೆಟ್ಟದು ಅಂತ ನಾನು ಹೇಳುವುದಿಲ್ಲ, ಕಾಯಿಲೆ ಶುರುವಿನಲ್ಲಿ, ಬೇರೆ ಮಾತ್ರೆ ಹಿಡಿಯುವ ತನಕ, ಕೆಲವು ವಾರಕ್ಕೆ ಅದ್ರಷ್ಟು ಉಪಕಾರಿ ಬೇರೆ ಇಲ್ಲ. ಆದ್ರೆ ವರ್ಷಗಟ್ಟಲೆ 10 ಮಿ.ಗ್ರಾಂ ಅಂದ್ರೆ ಶುಗರ್, ಬಿಪಿ, ಕೊಬ್ಬು, ಮೂಳೆ ಸವೆತ ಎಲ್ಲ ಒಟ್ಟೊಟ್ಟಿಗೆ ಬರ್ತವೆ, ಹೃದಯದ ಅಪಾಯ ಡೋಸಿನ ಜೊತೆಗೇ ಏರ್ತದೆ. ಅದಕ್ಕೆ ಅಂತ ಈ ಲೇಖನ ಓದಿದ ಕೂಡ್ಲೆ ಮಾತ್ರೆ ಡಬ್ಬಿ ಬಿಸಾಡ್ಬೇಡಿ! ಹತ್ತು ವರ್ಷ ಹೊರಗಿಂದ ಕೊಟ್ಟ ಮೇಲೆ ಶರೀರ ತನ್ನದೇ ಸ್ಟೀರಾಯ್ಡ್ ಮಾಡುವುದನ್ನು ಮರೆತಿರ್ತದೆ, ಒಮ್ಮೆಲೇ ನಿಲ್ಲಿಸಿದ್ರೆ ಬಿಪಿ ಕುಸಿದು ಎಚ್ಚರ ತಪ್ಪುವಷ್ಟು ಅಪಾಯ. ತಜ್ಞರ ಹತ್ರ ಹೋಗಿ ಬೇರಿಗೆ ಹೋಗುವ ಮಾತ್ರೆ ಶುರು ಮಾಡಿಸಿ, ಅದು ಹಿಡಿಯುತ್ತಾ ಬಂದ ಹಾಗೆ ಇದನ್ನು ಸ್ವಲ್ಪ ಸ್ವಲ್ಪವೇ ಇಳಿಸ್ತಾರೆ, ತಿಂಗಳುಗಟ್ಟಲೆ ಬೇಕಾಗ್ತದೆ. ಅಷ್ಟರ ತನಕ ನೋವಿಗೆ ಪ್ಯಾರಸಿಟಮಾಲ್, ಹಚ್ಚುವ ಜೆಲ್, ಬಿಸಿನೀರಿನ ಶಾಖ.

ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಮಾರುವ ಹೆಸರಿಲ್ಲದ ಪುಡಿಯಿಂದ ಎರಡೇ ದಿನದಲ್ಲಿ ನೋವು ಮಾಯ ಅಂತ ಯಾರಾದ್ರೂ ಹೇಳಿದ್ರೆ, ಅದ್ರೊಳಗೆ ಇದೇ ಸ್ಟೀರಾಯ್ಡ್ ಪುಡಿ ಮಾಡಿ ಸೇರಿಸಿರುವ ಸಾಧ್ಯತೆ ಉಂಟು ಅಂತ ನೆನಪಿಟ್ಕೊಳ್ಳಿ.

ಪ್ರಶ್ನೆ: ತೆಂಗಿನೆಣ್ಣೆ ಬಿಡ್ಬೇಕಾ? ಮೀನು ತಿನ್ಬಹುದಾ? ಮೀನು ವಾತ ಅಂತಾರೆ. (ಮೊಗ್ರಾಲ್)

ಉತ್ತರ: ಮೀನು ತಿನ್ನಿ. ಬೂತಾಯಿ, ಬಂಗುಡೆ ಎರಡ್ರಲ್ಲೂ ಒಮೆಗಾ 3 ಕೊಬ್ಬು ಚೆನ್ನಾಗಿ ಉಂಟು, ಗಂಟಿಗೂ ಒಳ್ಳೇದು ಹೃದಯಕ್ಕೂ ಒಳ್ಳೇದು, ಆದ್ರೆ ಸಾರು ಮಾಡಿ ತಿನ್ನಿ, ದಿನಾ ಎಣ್ಣೆಯಲ್ಲಿ ಮುಳುಗಿಸಿ ಹುರಿದದ್ದು ಬೇಡ, ಒಣಮೀನಿನಲ್ಲಿ ಉಪ್ಪು ಜಾಸ್ತಿ. ತೆಂಗಿನೆಣ್ಣೆ ಬಗ್ಗೆ ನಮ್ಮೂರಲ್ಲಿ ಹೇಳಿದ್ರೆ ಬೇಜಾರಾಗ್ತದೆ ಅಂತ ಗೊತ್ತು, ತೆಂಗಿನ ಸಂಶೋಧನೆಯೇ ನೂರು ವರ್ಷಕ್ಕಿಂತ ಹೆಚ್ಚಾಗಿ ನಡೆದ ಊರು ಇದು. ಆದ್ರೂ ಇದ್ದದ್ದು ಹೇಳ್ಬೇಕು, ಬೇರೆ ಅಡುಗೆ ಎಣ್ಣೆಗಳಿಗಿಂತ ತೆಂಗಿನೆಣ್ಣೆ ಎಲ್‌ಡಿಎಲ್ ಏರಿಸ್ತದೆ. ಪೂರ್ತಿ ಬಿಡ್ಬೇಕಂತ ಇಲ್ಲ, ಒಗ್ಗರಣೆಗೆ ಒಂದು ಚಮಚ ಇರ್ಲಿ, ಕರಿಯುವುದು ಕಮ್ಮಿ ಮಾಡಿ. ನನಗೆ ಎಣ್ಣೆಗಿಂತ ಹೆಚ್ಚು ಚಿಂತೆ ಉಪ್ಪಿನಕಾಯಿ ಭರಣಿದ್ದು, ಗಂಜಿಯ ಜೊತೆ ಎರಡು ಹೊತ್ತೂ ಇಡೀ ಮಿಡಿ ಮಾವಿನಕಾಯಿ ತಿನ್ನುವವರು ಬಿಪಿ ಯಾಕೆ ಇಳಿಯುವುದಿಲ್ಲ ಅಂತ ಕೇಳ್ತಾರೆ.

ಪ್ರಶ್ನೆ: ನಾನು ಗಲ್ಫಿನಲ್ಲಿದ್ದೇನೆ. ಹೆಂಡತಿಗೆ 46, ಆರ್‌ಎ ಉಂಟು. ಹೋದ ವರ್ಷ ರಾತ್ರಿ ಹೊಟ್ಟೆಯ ಮೇಲ್ಭಾಗ ಉರಿ, ಬೆವರು, ಎರಡೂ ಭುಜ ಸೆಳೆತ ಬಂತು. ಗ್ಯಾಸ್ ಅಂತ ಜೀರಿಗೆ ನೀರು ಕುಡಿದ್ಲು, ಭುಜ ನೋವು ಇದ್ದದ್ದೇ ಅಂತ ಮಲಗಿದ್ಲು. ಮರುದಿನ ಒಂದು ಕ್ಲಿನಿಕ್ಕಿನಲ್ಲಿ ಒಂದು ಇಸಿಜಿ ತೆಗೆದು ಏನಿಲ್ಲ ಅಂತ ಕಳಿಸಿದ್ರು. ಎರಡು ತಿಂಗಳ ನಂತರ ಎಕೋ (ಹೃದಯದ ಸ್ಕ್ಯಾನ್) ಮಾಡಿದಾಗ ಆವತ್ತು ಅಟ್ಯಾಕ್ ಆಗಿರ್ಬೇಕು ಅಂತ ಹೇಳಿದ್ರು. ಈಗ ಮಾತ್ರೆಯಲ್ಲಿದ್ದಾಳೆ. ಎದೆನೋವೇ ಇಲ್ಲದೆ ಹೇಗೆ? ನಾನು ಇಲ್ಲಿಂದ ಎಂತ ಮಾಡ್ಬಹುದು? (ಕುಂಬಳೆ)

ಉತ್ತರ: ಅವ್ರು ಈಗ ಮಾತ್ರೆಯಲ್ಲಿದ್ದು ಸುಧಾರಿಸ್ತಾ ಇದ್ದಾರೆ ಅಂತ ಓದಿ ಸಮಾಧಾನ ಆಯ್ತು. ಅಮೇರಿಕದ ರಾಚೆಸ್ಟರ್ ಊರಿನ ದಾಖಲೆಗಳಿಂದ 2005ರಲ್ಲಿ ಬಂದ ಒಂದು ಅಧ್ಯಯನ ಇದನ್ನೇ ಹೇಳಿದ್ದು, ಆರ್‌ಎ ಇರುವವರಲ್ಲಿ ಎದೆನೋವು ಅಂತ ಹೇಳಿಕೊಂಡು ಬರುವವರು ಕಮ್ಮಿ, ಗೊತ್ತೇ ಆಗದೆ ಆಗಿ ಹೋದ ಹಾರ್ಟ್ ಅಟ್ಯಾಕ್ ಹೆಚ್ಚು. ಅದಕ್ಕೆ ಕಾರಣ ಹುಡುಕ್ಲಿಕ್ಕೆ ತುಂಬಾ ದೂರ ಹೋಗ್ಬೇಕಂತ ನನಗೆ ಕಾಣುವುದಿಲ್ಲ. ದಿನಾ ಭುಜ, ಕುತ್ತಿಗೆ, ಕೈ ನೋಯುವವರಿಗೆ ಹೃದಯದ ನೋವು ಅದೇ ಭುಜಕ್ಕೆ ಬಂದ್ರೆ ಗೊತ್ತಾಗುವುದು ಹೇಗೆ? ಮೆಟ್ಟಿಲು ಹತ್ತದೆ, ಓಡದೆ ಇರುವವರಿಗೆ ದಮ್ಮು ಕಟ್ಟುವುದು ಕಾಣುವುದೂ ಇಲ್ಲ. ಜೊತೆಗೆ ನೋವಿನ ಮಾತ್ರೆ ಬೇರೆ ಇರ್ತದೆ. ಮತ್ತೆ ನಮ್ಮ ಹೆಂಗಸರಿಗೆ ನೋವು ಸಹಿಸಿಕೊಂಡು ಮನೆಯವರ ನಿದ್ದೆ ಕೆಡಿಸ್ಬಾರ್ದು ಅನ್ನುವ ಅಭ್ಯಾಸ, ಅದನ್ನು ಬಿಡಿಸ್ಬೇಕು.

ಹಳೇ ಗಂಟುಬೇನೆ ಹೇಗಿರ್ತದೆ ಅಂತ ಅವ್ರಿಗೆ ಗೊತ್ತುಂಟು, ಬೆಳಿಗ್ಗೆ ಹೆಚ್ಚು, ಗಂಟು ಅಲ್ಲಾಡಿಸಿದ್ರೆ ಹೆಚ್ಚು, ಒತ್ತಿದ್ರೆ ನೋವು. ಭುಜವನ್ನು ಅಲ್ಲಾಡಿಸಿದ್ರೂ ಬಿಟ್ರೂ ಒಂದೇ ತರ ಇರುವ ಸೆಳೆತ, ಅದ್ರ ಜೊತೆ ತಣ್ಣಗೆ ಬೆವರು, ದವಡೆ ಇಲ್ಲಾ ಬೆನ್ನಿಗೆ ಹೋಗುವ ಭಾರ, ವಾಕರಿಕೆ, ನಡೆದಾಗ ದಮ್ಮು, ಕಾರಣ ಇಲ್ಲದ ವಿಪರೀತ ಸುಸ್ತು, ಹೊಟ್ಟೆಯ ಮೇಲೆ ಉರಿ ಬಂದ್ರೆ ಜೀರಿಗೆ ನೀರಿಗೆ ಕಾಯುವ ಹೊತ್ತು ಅಲ್ಲ. 108ಕ್ಕೆ ಫೋನ್ ಮಾಡ್ಬೇಕು. ಮಂಗಳೂರಿನ ದೊಡ್ಡ ಆಸ್ಪತ್ರೆಗೇ ಹೋಗುವಾ ಅಂತ ಕಾರು ಹುಡುಕ್ತಾ ಕೂತ್ಕೊಳ್ಬಾರ್ದು, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು, ಅಲ್ಲಿಂದ ಮುಂದೆ ಎಲ್ಲಿಗೆ ಅಂತ ಅವ್ರು ಹೇಳ್ತಾರೆ. 2020ರಲ್ಲಿ ಕೊರೊನಾ ಹೊತ್ತಿಗೆ ಕೇರಳ ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದವರು ಎಷ್ಟು ಕಷ್ಟಪಟ್ರು ಅಂತ ನಾವೆಲ್ಲ ಕಂಡಿದ್ದೇವೆ. ನಿಮ್ಮ ಮನೆಯಿಂದ ರಾತ್ರಿ ಇಸಿಜಿ ತೆಗೆಯುವ ಜಾಗ ಯಾವುದು ಹತ್ತಿರ ಅಂತ ಇವತ್ತೇ ವಿಚಾರಿಸಿ ಇಡಿ.

ಆಸ್ಪತ್ರೆಗೆ ಹೋದ ಕೂಡ್ಲೆ ಹೇಳ್ಬೇಕಾದ ಮೊದಲ ಮಾತು, ‘ನನಗೆ ಆರ್‌ಎ ಉಂಟು, ಈ ನೋವು ಅದರದ್ದಲ್ಲ’. ಬಂದು ಹತ್ತು ನಿಮಿಷದೊಳಗೆ ಇಸಿಜಿ ಆಗ್ಬೇಕು. ಮೊದಲ ಇಸಿಜಿ ಸರಿ ಬಂದ ಮಾತ್ರಕ್ಕೆ ಹೃದಯ ಸರಿ ಅಂತ ಅಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ತೆಗೀಬೇಕು, ಟ್ರೊಪೊನಿನ್ ಅನ್ನುವ ರಕ್ತ ಪರೀಕ್ಷೆ ಮಾಡ್ಬೇಕು, ಅದನ್ನು ಕೇಳಿ ಮಾಡಿಸ್ಲಿಕ್ಕೆ ನಾಚಿಕೆ ಬೇಡ. ನಿಮ್ಮ ಹೆಂಡತಿಗೆ ಇವೆರಡೂ ಆಗ್ಲಿಲ್ಲ ಅಂತ ನಿಮ್ಮ ಪತ್ರದಿಂದ ಕಾಣ್ತದೆ.

ದೂರದಿಂದ ನೀವು ಮಾಡ್ಬಹುದಾದ್ದು, ಮನೆಗೆ ಒಂದು ಬಿಪಿ ಮೆಷಿನ್ ಕಳಿಸಿ, ಕೈಬೆರಳಿನಲ್ಲಿ ಒತ್ತಿ ಉಬ್ಬಿಸುವಂಥದ್ದು ಬೇಡ, ಬಟನ್ ಒತ್ತಿದ್ರೆ ಸಾಕಾಗುವ ಆಟೊಮ್ಯಾಟಿಕ್, ಮೇಲ್ತೋಳಿಗೆ ಕಟ್ಟುವಂಥದ್ದು. ಮತ್ತೆ ಅವ್ರ ಮಾತ್ರೆ ಪಟ್ಟಿಯ ಫೋಟೊ ನಿಮ್ಮ ಫೋನಿನಲ್ಲೂ ಪಕ್ಕದ ಮನೆಯವರ ಫೋನಿನಲ್ಲೂ ಇರ್ಲಿ. ಇನ್ನು ಮುಂದೆ ಅವ್ರು ಡೈಕ್ಲೊಫೆನಾಕ್ ಮುಟ್ಟುವ ಹಾಗಿಲ್ಲ.

ಪ್ರಶ್ನೆ: ಆರ್‌ಎಗೆ ಟೊಫಾಸಿಟಿನಿಬ್ ಮಾತ್ರೆ ಬರೆದಿದ್ದಾರೆ. ಹೃದಯಕ್ಕೆ ಅಪಾಯ ಅಂತ ಮೊಬೈಲಿನಲ್ಲಿ ಬಂತು. ನಿಜವಾ? ನಾನು ನಿವೃತ್ತ ಅಧ್ಯಾಪಕ. (ಬದಿಯಡ್ಕ)

ಉತ್ತರ: ಅರ್ಧ ನಿಜ ಸರ್. 50 ವರ್ಷ ದಾಟಿದ, ಬಿಪಿ ಶುಗರ್ ಸಿಗರೇಟಿನಂಥ ಒಂದಾದ್ರೂ ಅಪಾಯ ಇದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಆರ್‌ಎ ರೋಗಿಗಳಲ್ಲಿ ಈ ಮಾತ್ರೆಯನ್ನು ಟಿಎನ್‌ಎಫ್ ತಡೆಯುವ ಇಂಜೆಕ್ಷನ್ನಿಗೆ ಹೋಲಿಸಿ ನೋಡಿದ್ರು, 2022ರಲ್ಲಿ ಪ್ರಕಟ ಆಯ್ತು. ಹೃದಯದ ದೊಡ್ಡ ತೊಂದ್ರೆ ಮಾತ್ರೆಯವರಲ್ಲಿ 3.4 ಶೇಕಡ, ಇಂಜೆಕ್ಷನ್ನಿನವರಲ್ಲಿ 2.5 ಶೇಕಡ, ಕ್ಯಾನ್ಸರ್ ಕೂಡ ಸ್ವಲ್ಪ ಹೆಚ್ಚು. ಹಾಗಾಗಿ ವಯಸ್ಸಾದವರಿಗೆ, ಧೂಮಪಾನ ಮಾಡಿದವರಿಗೆ, ಹೃದಯದ ತೊಂದ್ರೆ ಇದ್ದವರಿಗೆ ಬೇರೆ ದಾರಿ ಇದ್ರೆ ಅದನ್ನು ಮೊದಲು ನೋಡ್ಬೇಕು. ನೀವು ನಿವೃತ್ತರು ಅಂದ್ರೆ 50 ದಾಟಿದ್ದೀರಿ, ಸಿಗರೇಟು ಹಿಂದೆ ಸೇದಿದ್ದು ಬಿಟ್ಟಿದ್ರೂ ಡಾಕ್ಟ್ರಿಗೆ ಹೇಳಿ, ಇಂಜೆಕ್ಷನ್ ಆಗ್ತದಾ ಅಂತ ಕೇಳಿ. ಆದ್ರೆ ಇಂಜೆಕ್ಷನ್ನಿಗೆ ಮುಂಚೆ ಟಿಬಿ ಪರೀಕ್ಷೆ ಆಗ್ಬೇಕು, ಹಾರ್ಟ್ ಫೇಲ್ಯೂರ್ ಇದ್ದವರಿಗೆ ಅದು ಹೇಳಿದ್ದಲ್ಲ. ಆಗ್ಲೇ ಮಾತ್ರೆ ಶುರು ಮಾಡಿ ಗಂಟು ಹತೋಟಿಗೆ ಬಂದಿದ್ರೆ ಮೊಬೈಲ್ ನೋಡಿ ನೀವೇ ನಿಲ್ಲಿಸ್ಬೇಡಿ, ಹತೋಟಿ ತಪ್ಪಿದ ಆರ್‌ಎ ಕೂಡ ಹೃದಯಕ್ಕೆ ಶತ್ರುವೇ.

ಪ್ರಶ್ನೆ: ಗಂಟುಬೇನೆ ಇದ್ದವರು ನಡೀಬಾರ್ದು, ಗಂಟು ಸವೀತದೆ ಅಂತ ಅತ್ತೆ ಹೇಳ್ತಾರೆ. ಹೃದಯಕ್ಕೆ ನಡೀಬೇಕು ಅಂತ ನೀವು ಹೇಳ್ತೀರಿ. ನಮ್ಮದು ಗುಡ್ಡೆಯ ಮೇಲಿನ ಮನೆ. (ಬಾಯಾರು)

ಉತ್ತರ: ಗಂಟು ಕೆಂಪಾಗಿ ಬಾತು ಬಿಸಿ ಇರುವ ಎರಡು ಮೂರು ದಿನ ಆ ಗಂಟಿಗೆ ರೆಸ್ಟ್ ಕೊಡಿ, ಅತ್ತೆ ಹೇಳಿದ್ದು ಅಷ್ಟಕ್ಕೆ ಸರಿ. ಉಳಿದ ದಿನ ನಡೀಬೇಕು, ನಡೆದ್ರೆ ಆರ್‌ಎ ಗಂಟು ಸವೆಯುವುದಿಲ್ಲ, ಕೂತ್ರೇ ಸ್ನಾಯು ಕರಗಿ ಗಂಟು ಇನ್ನಷ್ಟು ಹಿಡೀತದೆ. ಗುಡ್ಡೆ ಇಳಿಯುವಾಗ ಮೊಣಕಾಲಿಗೆ ಭಾರ ಹೆಚ್ಚು, ಹಾಗಾಗಿ ಶುರುವಿಗೆ ಇಳಿಜಾರು ಬೇಡ, ಮನೆಯ ಅಂಗಳ ಸಾಕು. ಅಡಿಕೆ ಒಣಗಿಸಿದ ಅಂಗಳ ಸಮತಟ್ಟು ಇರ್ತದಲ್ಲ, ಬೆಳಿಗ್ಗೆಯ ಬಿಗಿತ ಬಿಟ್ಟ ಮೇಲೆ, ಹತ್ತು ಗಂಟೆ ಹೊತ್ತಿಗೆ, ಹತ್ತು ನಿಮಿಷ ಸುತ್ತು ಹಾಕಿ, ಸಂಜೆ ಇನ್ನೊಂದು ಹತ್ತು. ಮಾತಾಡ್ಲಿಕ್ಕೆ ಆಗ್ಬೇಕು, ಹಾಡ್ಲಿಕ್ಕೆ ಆಗ್ಬಾರ್ದು, ಅಷ್ಟು ವೇಗ. ವಾರಕ್ಕೆ ಐದು ನಿಮಿಷದಂತೆ ಏರಿಸ್ತಾ ದಿನಕ್ಕೆ ಅರ್ಧ ಗಂಟೆಗೆ ತನ್ನಿ. ಚಪ್ಪಲಿ ಮೆತ್ತಗಿನ ಅಟ್ಟೆಯದ್ದು, ಹಿಂದೆ ಪಟ್ಟಿ ಇರುವಂಥದ್ದು ಹಾಕಿ, ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟಿ ಜಾರ್ತದೆ, ಆಗ ಜಗಲಿಯಲ್ಲೇ ನಡೀರಿ. ಅತ್ತೆಯನ್ನೂ ಜೊತೆಗೆ ಕರ್ಕೊಳ್ಳಿ, ಅವ್ರ ಬಿಪಿ ಎಷ್ಟುಂಟು ಅಂತ ನೀವು ಬರೆದಿಲ್ಲ.